ಸುಮ್ನೆ ಒಂದು ಮಾಡೆಲ್ ಹೇಳಿ ಸಾರ್

"ಸಾರ್, 20 ಸಾವಿರದೊಳಗೆ 32 ಇಂಚಿನ ಒಳ್ಳೇ ಗೇಮಿಂಗ್ ಮಾನಿಟರ್ ಯಾವುದು?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡ್ಕೋಬೇಡಿ. ಮಾಡ್ಕೊಂಡರೂ ಪರವಾಗಿಲ್ಲ.

ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಆಟ, ಮೇಜು ಎಷ್ಟಿದೆ ಅಂತ ತಿರುಗಿ ಕೇಳಿದರೆ ಬರುವ ಮಾತು ಒಂದೇ: "ಅಷ್ಟೆಲ್ಲ ಬೇಡ, ಸುಮ್ನೆ ಒಂದು ಮಾಡೆಲ್ ಹೇಳಿ." ಚಪ್ಪಲಿ ಅಂಗಡಿಗೆ ಫೋನ್ ಮಾಡಿ, ಕಾಲಿನ ಅಳತೆ ಹೇಳದೆ "ಒಂದು ಜೊತೆ ಒಳ್ಳೇದು ಕಳಿಸಿಬಿಡಿ" ಅಂದ ಹಾಗಾಯಿತು. ಆಮೇಲೆ ಕಾಲು ಕಚ್ಚಿದರೆ ಬೈಗುಳ ಮಾತ್ರ ನನಗೆ.

ಆ ದುಡ್ಡಿಗೆ 32 ಇಂಚು ಸಿಗುವುದಿಲ್ಲ ಅಂತಲ್ಲ. ಸಿಗುತ್ತದೆ, ತೊಂದರೆ ಇರುವುದೇ ಅಲ್ಲಿ. ಅಗ್ಗಕ್ಕೆ ಸಿಗುವ ದೊಡ್ಡ ಪರದೆ ಎಷ್ಟೋ ಸಲ ಬರೀ 1080ಪಿ ಆಗಿರುತ್ತದೆ. 1920×1080 ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳು. ಅಷ್ಟನ್ನು 24 ಇಂಚಿನಲ್ಲಿ ಹರಡಿದರೆ ಇಂಚಿಗೆ 92 ಬರುತ್ತವೆ, 32ಕ್ಕೆ ಎಳೆದರೆ 69. ಹಿಟ್ಟು ಅಷ್ಟೇ ಇದೆ, ಕಾವಲಿ ದೊಡ್ಡದಾಗಿದೆ. ದೋಸೆ ತೂತು ಬೀಳದೆ ಇನ್ನೇನಾಗಬೇಕು? ಒಂದೊಂದು ಪಿಕ್ಸೆಲ್ 0.37 ಮಿಲಿಮೀಟರ್. ಕಣ್ಣು ಚೆನ್ನಾಗಿರುವವರು ಇಂಥ ಚುಕ್ಕೆಗಳನ್ನು ಸುಮಾರು 125 ಸೆಂಟಿಮೀಟರ್ ದೂರದಿಂದಲೂ ಬಿಡಿಬಿಡಿಯಾಗಿ ಗುರುತಿಸಬಲ್ಲರು. ನೀವು ಕೂರುವುದು 60–70ರಲ್ಲಿ. ದೂರದ ಎದುರಾಳಿಯ ತಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆಟ ಬಿಟ್ಟು ಏನಾದರೂ ಕನ್ನಡ ಓದೋಣ ಅಂದರೆ ‘ಸ್ತ್ರೀ’ಯ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಇರುವೆ ಸಾಲಿನ ಹಾಗಿರುತ್ತವೆ.

ಅದೇ 32 ಇಂಚಿನಲ್ಲಿ 2560×1440 ಇದ್ದರೆ ಇಂಚಿಗೆ 92, ಅಂದರೆ 24 ಇಂಚಿನ 1080ಪಿಯಷ್ಟೇ ನುಣುಪು. ಇದಕ್ಕೇ 1440ಪಿ ಅನ್ನುವುದು. ಹಾಗಾಗಿ 32 ಬೇಕೇ ಬೇಕು ಅಂದರೆ 1440ಪಿಗಿಂತ ಕೆಳಗೆ ಇಳಿಯಬೇಡಿ. ದುಡ್ಡು ಸಾಲದಿದ್ದರೆ ಗಾತ್ರ ಇಳಿಸಿ: 27 ಇಂಚು, 1440ಪಿ, ಇಂಚಿಗೆ 109. 4ಕೆ ಆಸೆ ಇದ್ದವರು ಕಾರ್ಡಿನ ಕಡೆ ಒಮ್ಮೆ ನೋಡಿ. 4ಕೆಯಲ್ಲಿ 82.9 ಲಕ್ಷ ಪಿಕ್ಸೆಲ್, 1080ಪಿಯ ಸರಿಯಾಗಿ ನಾಲ್ಕರಷ್ಟು. ಆರ್‌ಟಿಎಕ್ಸ್ 3060ರಂಥ ಕಾರ್ಡು ಹೊಸ ಆಟಗಳಲ್ಲಿ ಅಷ್ಟನ್ನು ಎಳೆಯಲಾರದು. 1440ಪಿಗೆ ಅದು ತಕ್ಕ ಜೋಡಿ.

"ಮೇಜು ಟೇಪು ಹಿಡಿದು ಅಳೆದಿದ್ದೇನೆ, ಇದಕ್ಕೆ ಎಷ್ಟು ಇಂಚು ಹಿಡಿಸುತ್ತೆ?" ಅಂತ ಯಾರಾದರೂ ಕೇಳಲಿ ಅನ್ನುವುದು ನನ್ನ ಬಹುದಿನದ ಆಸೆ. ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 32 ಇಂಚಿನ ಪರದೆಯ ಅಗಲ 71 ಸೆಂಟಿಮೀಟರ್. ಸ್ಟ್ಯಾಂಡಿನ ಕಾಲು ಮೇಜಿನ ಆಳದಲ್ಲಿ 20–25 ಸೆಂಟಿಮೀಟರ್ ನುಂಗುತ್ತದೆ. ಮೇಜಿನ ಆಳ ಬರೀ 45 ಇದ್ದರೆ ಕೀಬೋರ್ಡ್ ಅಂಚಿಗೆ ಬಂದು, ಪರದೆ ಮೂಗಿಗೆ ತಾಗುವಷ್ಟು ಹತ್ತಿರವಾಗುತ್ತದೆ. ಮೂಲೆಯ ಮ್ಯಾಪ್ ನೋಡಲು ಕಣ್ಣು ಸಾಲದೆ ಕತ್ತನ್ನೇ ತಿರುಗಿಸಬೇಕು. 80 ಸೆಂಟಿಮೀಟರ್ ಅಂತರ ಸಿಕ್ಕರೆ 32 ತನ್ನಿ, ಸಿಗದಿದ್ದರೆ 27. ಮಾನಿಟರ್ ಆರ್ಮ್ (ಮೇಜಿನ ಅಂಚಿಗೆ ಕಚ್ಚಿಸುವ ತೋಳು) ಹಾಕಿದರೆ ಸ್ವಲ್ಪ ಜಾಗ ಉಳಿಯುತ್ತದೆ, ಆದರೆ ಹಿಂಬದಿಯಲ್ಲಿ 100×100 ಅಥವಾ 75×75 ಮಿಲಿಮೀಟರಿನ ವೆಸಾ ತೂತುಗಳು (ಆರ್ಮಿಗೆ ಸ್ಕ್ರೂ ಹಾಕುವ ತೂತುಗಳು) ಇವೆಯೇ, ಸ್ಟ್ಯಾಂಡ್ ಬಿಟ್ಟು ತೂಕ ಎಷ್ಟು ಅಂತ ಮೊದಲೇ ನೋಡಿ. ಪಾರ್ಟಿಕಲ್ ಬೋರ್ಡ್ ಮೇಜಾದರೆ ಕ್ಲ್ಯಾಂಪಿನ ಅಡಿಗೂ ಮೇಲೂ ಪ್ಲೈವುಡ್ ತುಂಡು ಕೊಡಿ, ಇಲ್ಲವಾದರೆ ಒಂದು ದಿನ ಬೋರ್ಡು ಪುಡಿಯಾಗಿ ಎಲ್ಲವೂ ಕೆಳಗೆ.

ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಾಳೆಯ ವಿಷಯ. ಅಗ್ಗದ 32ರಲ್ಲಿ ಹೆಚ್ಚಾಗಿ ಸಿಗುವುದು ವಿಎ ಎಂಬ ಬಗೆ. ಕಾಂಟ್ರಾಸ್ಟ್, ಅಂದರೆ ಬಿಳುಪಿಗೂ ಕಪ್ಪಿಗೂ ಇರುವ ಅಂತರ, 3000:1ರ ಸುತ್ತಮುತ್ತ. ಇನ್ನೊಂದು ಬಗೆಯಾದ ಸಾಮಾನ್ಯ ಐಪಿಎಸ್‌ನಲ್ಲಿ 1000:1. ರಾತ್ರಿ ದೀಪ ಆರಿಸಿ ಕೂತು ಕಥೆಯ ಆಟ ಆಡುವವರಿಗೆ ವಿಎ ಕಪ್ಪು ನಿಜಕ್ಕೂ ಚೆಂದ. ಆದರೆ ಕಪ್ಪಿನಿಂದ ಗಾಢ ಬೂದಿಗೆ ತಿರುಗುವಾಗ ಅದರ ಹರಳುಗಳಿಗೆ ಸೋಮಾರಿತನ. ಅಗ್ಗದವುಗಳಲ್ಲಿ ಈ ತಿರುವಿಗೆ 20 ಮಿಲಿಸೆಕೆಂಡ್ ದಾಟುವುದುಂಟು. 144 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 144 ಚಿತ್ರ) ಒಂದು ಫ್ರೇಮಿನ ಆಯುಸ್ಸೇ 6.9 ಮಿಲಿಸೆಕೆಂಡ್. ಹಳೆಯ ಚಿತ್ರ ಅಳಿಯುವಷ್ಟರಲ್ಲಿ ಹೊಸದು ಎರಡು ಬಂದು ಹೋಗಿರುತ್ತವೆ, ಕತ್ತಲ ಓಣಿಯಲ್ಲಿ ಓಡುವವನ ಹಿಂದೆ ಮಸಿಯ ಬಾಲ ಎಳೆಯುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ: ಕಪ್ಪು ಹಿನ್ನೆಲೆಯಲ್ಲಿ ಬೂದು ಅಕ್ಷರಗಳಿರುವ ಪುಟ ತೆರೆದು ಜೋರಾಗಿ ಸ್ಕ್ರಾಲ್ ಮಾಡಿ. ವಾಲರಂಟ್, ಸಿಎಸ್‌ನಂಥ ವೇಗದ ಗುಂಡಿನ ಆಟ ಆಡುವವರಾದರೆ ಐಪಿಎಸ್‌ಗೇ ಹೋಗಿ.

ಡಬ್ಬದ ಮೇಲಿನ "1 ಮಿಲಿಸೆಕೆಂಡ್" ನಂಬಬೇಡಿ. ಪಕ್ಕದಲ್ಲಿ ಚಿಕ್ಕದಾಗಿ ಎಂಪಿಆರ್‌ಟಿ ಅಂತಿದ್ದರೆ, ಹಿಂದಿನ ದೀಪವನ್ನು ಮಿಟುಕಿಸಿ ಪಡೆದ ಅಂಕಿ ಅದು. ಆನ್ ಮಾಡಿದರೆ ಬೆಳಕು ಕುಗ್ಗುತ್ತದೆ, ಎಷ್ಟೋ ಮಾನಿಟರುಗಳಲ್ಲಿ ಫ್ರೀಸಿಂಕ್ (ಕಾರ್ಡಿನ ವೇಗಕ್ಕೆ ಪರದೆಯನ್ನು ಹೊಂದಿಸುವ ಸೌಲಭ್ಯ) ಕೂಡ ಬಂದ್. ಹರಳುಗಳನ್ನು ಬೇಗ ತಿರುಗಿಸುವ ಓವರ್‌ಡ್ರೈವ್ ಸೆಟ್ಟಿಂಗನ್ನು ಕೊನೆಯ ಮೆಟ್ಟಿಲಿಗೆ ಏರಿಸಿದರೆ ಮಸಿ ಬಾಲದ ಬದಲು ಬಿಳಿ ಬಾಲ, ಮಧ್ಯದಲ್ಲಿಡಿ. ಇನ್ನು ಎಚ್‌ಡಿಆರ್ 400 (ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರುತ್ತದೆ ಅನ್ನುವ ಮುದ್ರೆ), ಇದು ಅಕ್ಷರಶಃ ಲೆಕ್ಕಕ್ಕುಂಟು ಆಟಕ್ಕಿಲ್ಲ. ಬೆಳಕು 400 ನಿಟ್ಸ್ ಮುಟ್ಟಿದರೆ ಮುದ್ರೆ ಸಿಗುತ್ತದೆ, ಲೋಕಲ್ ಡಿಮ್ಮಿಂಗ್ (ಕತ್ತಲ ಭಾಗದ ದೀಪವನ್ನಷ್ಟೇ ಮಂಕು ಮಾಡುವುದು) ಇರಲೇಬೇಕೆಂದಿಲ್ಲ. ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

34 ಇಂಚಿನ ಅಲ್ಟ್ರಾವೈಡ್ ಕೇಳುವವರಿಗೆ ಒಂದೇ ಮಾತು: ಎತ್ತರ 27 ಇಂಚಿನಷ್ಟೇ, ಉಳಿದದ್ದೆಲ್ಲ ಅಗಲ. 32 ಇಂಚು ದಾಟಿದ ಮಾನಿಟರಿಗೆ ಇದ್ದ 28% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿದಿದೆ. ಹಳೆಯ ಬೆಲೆ ಹೇಳಿದರೆ ಚೌಕಾಸಿ ಮಾಡಿ.

ಪ್ಲೇಸ್ಟೇಷನ್ 5 ಜೋಡಿಸುವವರು ಎಚ್‌ಡಿಎಂಐ 2.1 (ಚಿತ್ರ ಸಾಗಿಸುವ ಪೋರ್ಟಿನ ಹೊಸ ಆವೃತ್ತಿ) ಇದೆಯೇ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. 2.0ದ ವೇಗವಷ್ಟೇ ಇರುವ ಪೋರ್ಟಿಗೂ ಆ ಹೆಸರು ಹಚ್ಚಲು ಅವಕಾಶವಿದೆ. "4ಕೆ 120 ಹರ್ಟ್ಸ್ ಎಚ್‌ಡಿಎಂಐಯಲ್ಲೇ ಬರುತ್ತಾ?" ಅಂತ ಕೇಳಿ. 1440ಪಿ ಮಾನಿಟರ್ ಆದರೂ ನಡೆಯುತ್ತದೆ, 2022ರ ಸೆಪ್ಟೆಂಬರ್‌ನಿಂದ ಪ್ಲೇಸ್ಟೇಷನ್ 5ರಲ್ಲಿ ಅದಕ್ಕೆ ಬೆಂಬಲವಿದೆ.

ಕೊನೆಗೆ, ಕೊಂಡ ವಾರಕ್ಕೆ ಬರುವ ದೂರು: "180 ಹರ್ಟ್ಸ್ ಅಂದ್ರಿ, ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ." ಗೊತ್ತಾಗುವುದಿಲ್ಲ, ಯಾಕೆಂದರೆ ವಿಂಡೋಸ್ ಇನ್ನೂ 60ರಲ್ಲೇ ಕೂತಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ, ಅಲ್ಲಿ ರಿಫ್ರೆಶ್ ರೇಟ್ ಬದಲಿಸಿ. ಪಟ್ಟಿಯಲ್ಲಿ 180 ಕಾಣದೆ 144ಕ್ಕೇ ನಿಂತಿದ್ದರೆ ಬಹುಶಃ ನೀವು ಎಚ್‌ಡಿಎಂಐ ಕೇಬಲ್ ಚುಚ್ಚಿದ್ದೀರಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಡಬ್ಬದೊಳಗೇ ಇರಬೇಕು, ಥರ್ಮಾಕೋಲ್ ಕೆಳಗೆ ನೋಡಿ.