ಯಾರಿಗೆ ಎಷ್ಟು ಭಾರ?

ಶಕ್ತಿ ತರಬೇತಿಗೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಯಾವ ಯಾವ ವ್ಯಾಯಾಮ ಮಾಡಬೇಕು ಎಂದು ಮೊದಲು ಕೇಳುತ್ತಾರೆ. ನಾನು ಅವರನ್ನು ಕೇಳುವುದು ಬೇರೆ ಸಂಗತಿಗಳನ್ನು: ರಾತ್ರಿ ಎಷ್ಟು ಹೊತ್ತು ನಿದ್ದೆ ಬರುತ್ತದೆ, ದಿನದ ಕೆಲಸ ಕುಳಿತು ಮಾಡುವಂಥದೋ ನಿಂತು ಮಾಡುವಂಥದೋ, ಹಿಂದೆ ಎಲ್ಲಿಯಾದರೂ ಪೆಟ್ಟು ಬಿದ್ದಿದೆಯೇ, ಏನೇ ಅಡಚಣೆ ಬಂದರೂ ತಪ್ಪಿಸದೆ ಬರಬಲ್ಲ ದಿನಗಳು ವಾರದಲ್ಲಿ ಎಷ್ಟು. ವ್ಯಾಯಾಮಗಳ ಪಟ್ಟಿ ಬರೆಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆ ಪಟ್ಟಿ ಹೊರಿಸುವ ದಣಿವಿನಿಂದ ಈ ದೇಹ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂದು ಅಂದಾಜು ಮಾಡುವುದೇ ಕಷ್ಟದ ಭಾಗ, ಮತ್ತು ನನ್ನ ಮಟ್ಟಿಗೆ ಕಾರ್ಯಕ್ರಮ ರೂಪಿಸುವುದೆಂದರೆ ಬಹುತೇಕ ಅದೇ.

ಮೂಲ ತತ್ತ್ವ ಎಲ್ಲರಿಗೂ ಒಂದೇ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಥಾಮಸ್ ಡಿಲಾರ್ಮ್, ಸೊರಗಿದ ಸ್ನಾಯುಗಳಿಗೆ ಹಗುರ ಭಾರವನ್ನು ಹತ್ತಾರು ಸಲ ಎತ್ತಿಸುವ ಅಂದಿನ ರೂಢಿಯನ್ನು ಬಿಟ್ಟು, ಭಾರವನ್ನು ಕ್ರಮಕ್ರಮವಾಗಿ ಏರಿಸುತ್ತ ಹೋಗುವ ಪದ್ಧತಿಯನ್ನು 1945ರಲ್ಲಿ ಪ್ರಕಟಿಸಿದರು. ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರವನ್ನು ಕಂಡುಕೊಂಡು, ಅದರ ಅರ್ಧದಲ್ಲಿ ಒಂದು ಸೆಟ್ (ನಡುವೆ ವಿರಾಮವಿಲ್ಲದೆ ಎತ್ತುವ ಒಂದು ಸುತ್ತು), ಮುಕ್ಕಾಲು ಪಾಲಿನಲ್ಲಿ ಇನ್ನೊಂದು, ಪೂರ್ತಿ ಭಾರದಲ್ಲಿ ಮೂರನೆಯದು ಎಂಬ ಅವರ ಕ್ರಮ ಇಂದಿಗೂ ನಾನಾ ರೂಪಗಳಲ್ಲಿ ಬಳಕೆಯಲ್ಲಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಳತೆ ಆರಂಭವಾಗುವುದೇ ಎದುರಿಗಿರುವ ವ್ಯಕ್ತಿಯ ಸಾಮರ್ಥ್ಯದಿಂದ. ಇಷ್ಟು ಕಿಲೋ ಎತ್ತಲೇಬೇಕು ಎಂದು ಹೊರಗಿನಿಂದ ಹೇರುವ ಸಂಖ್ಯೆ ಅದರಲ್ಲಿ ಇಲ್ಲ.

ತತ್ತ್ವ ಒಂದೇ ಆದರೂ ಫಲ ಒಂದೇ ಅಲ್ಲ ಎಂಬುದನ್ನು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಿಚ್ಚಳವಾಗಿ ತೋರಿಸಿತು. 585 ಸ್ತ್ರೀ ಪುರುಷರು 12 ವಾರಗಳ ಕಾಲ ಒಂದೇ ಕೈಗೆ ಒಂದೇ ಬಗೆಯ ತರಬೇತಿ ಪಡೆದರು. ಕೊನೆಯಲ್ಲಿ ಅಳೆದಾಗ, ಕೆಲವರ ಸ್ನಾಯುವಿನ ಗಾತ್ರ ಶೇಕಡಾ 59ರವರೆಗೆ ಬೆಳೆದಿತ್ತು, ಕೆಲವರದು ಶೇಕಡಾ 2ರಷ್ಟು ಕುಗ್ಗಿತ್ತು. ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಕೆಲವರಿಗೆ ಏನೂ ಏರಿಕೆಯಾಗಲಿಲ್ಲ, ಇನ್ನು ಕೆಲವರಿಗೆ ಶೇಕಡಾ 250ರವರೆಗೆ ಏರಿಕೆಯಾಯಿತು. ಸಂಶೋಧನೆಯ ಸಾರಾಂಶದಲ್ಲಿ ನಾವು ಓದುವ ಸರಾಸರಿಯ ಹಿಂದೆ ಇಷ್ಟು ದೊಡ್ಡ ಅಂತರ ಅಡಗಿರುತ್ತದೆ. ಆದ್ದರಿಂದ ವಿಜ್ಞಾನ ಆಧಾರಿತ ಕಾರ್ಯಕ್ರಮವೆಂದರೆ ಯಾವುದೋ ಅಧ್ಯಯನದ ಸೆಟ್ ಮತ್ತು ರೆಪ್‌ಗಳನ್ನು (ಒಂದು ಸೆಟ್‌ನಲ್ಲಿ ಎಷ್ಟು ಸಲ ಎತ್ತಬೇಕು ಎಂಬ ಎಣಿಕೆ) ನಕಲು ಮಾಡುವುದು ಎಂಬ ತಿಳಿವಳಿಕೆಯನ್ನು ನಾನು ಒಪ್ಪಲಾರೆ. ಅಧ್ಯಯನ ನಮಗೆ ಆರಂಭದ ಜಾಗವನ್ನು ತೋರಿಸುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು, ಎತ್ತಿದ ಭಾರ ಮತ್ತು ರೆಪ್‌ಗಳನ್ನು ಬರೆದಿಡುವ ಆ ವ್ಯಕ್ತಿಯ ದಾಖಲೆ ಪುಸ್ತಕವೇ ತೋರಿಸಬೇಕು.

ವಯಸ್ಸಾದವರ ವಿಷಯದಲ್ಲಿ ನನಗೆ ಬೇಸರ ತರುವುದು ಅತಿಯಾದ ಎಚ್ಚರಿಕೆ. ಎಪ್ಪತ್ತು ದಾಟಿದವರ ಕೈಗೆ ಗೊಂಬೆಯಂಥ ಡಂಬಲ್ ಕೊಟ್ಟು ತಿಂಗಳುಗಟ್ಟಲೆ ಅದನ್ನೇ ಎತ್ತಿಸುವುದನ್ನು ನೋಡಿದ್ದೇನೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 90 ವಯಸ್ಸಿನ, ವೃದ್ಧಾಶ್ರಮದಲ್ಲಿದ್ದ ದುರ್ಬಲರಿಗೆ ಅವರ ಗರಿಷ್ಠ ಸಾಮರ್ಥ್ಯದ ಶೇಕಡಾ 80ರಷ್ಟು ಭಾರದವರೆಗೆ ಕಾಲಿನ ತರಬೇತಿ ಕೊಟ್ಟಾಗ, ಎಂಟೇ ವಾರಗಳಲ್ಲಿ ಅವರ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅದು ಚಿಕ್ಕ ಗುಂಪಿನ ಅಧ್ಯಯನ ನಿಜ, ಆದರೆ ಮುಪ್ಪಿನಲ್ಲೂ ಸ್ನಾಯು ಭಾರಕ್ಕೆ ಸ್ಪಂದಿಸುತ್ತದೆ ಎಂಬುದನ್ನು ಆಮೇಲೆ ಬಂದ ಅಧ್ಯಯನಗಳೂ ಎತ್ತಿ ಹಿಡಿದಿವೆ. ನೆಲಕ್ಕೆ ಸಮನಾಗಿ ತೊಡೆ ಇಳಿಸಿ ಸ್ಕ್ವಾಟ್ (ಮಂಡಿ ಮಡಿಸಿ ಕುಳಿತು ಏಳುವ ವ್ಯಾಯಾಮ) ಮಾಡಲಾಗದವರಿಗೆ ನಾನು ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮವಾಗಿ ಕೊಡುತ್ತೇನೆ. ಕುರ್ಚಿಯ ಮೇಲೆ ಗಟ್ಟಿ ದಿಂಬುಗಳನ್ನಿಟ್ಟು ಎತ್ತರ ಮಾಡಿ, ಪಾದಗಳನ್ನು ತುಸು ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿ ಎದ್ದು ನಿಲ್ಲಬೇಕು. ಕುಳಿತುಕೊಳ್ಳುವಾಗ ಧೊಪ್ಪೆಂದು ಬೀಳದೆ ಮನಸ್ಸಿನಲ್ಲೇ ಮೂರು ಎಣಿಸುತ್ತ ಇಳಿಯಬೇಕು. ಇಳಿಯುವಾಗ ಮಂಡಿಗಳು ಒಳಕ್ಕೆ ವಾಲುವುದು ಯಾವ ರೆಪ್‌ನಲ್ಲಿ ಶುರುವಾಗುತ್ತದೆ ಎಂದು ಗಮನಿಸಿದರೆ ಆ ದಿನದ ಮಿತಿ ಸಿಕ್ಕಂತೆಯೇ. ಹತ್ತು ರೆಪ್ ಸಲೀಸಾದ ವಾರ ಒಂದು ದಿಂಬು ತೆಗೆಯುತ್ತೇನೆ, ದಿಂಬುಗಳೆಲ್ಲ ಮುಗಿದ ಮೇಲೆ ಕೈಗೆ ಭಾರ ಬರುತ್ತದೆ. ಡಿಲಾರ್ಮ್ ಹೇಳಿದ ಕ್ರಮವೃದ್ಧಿ ಇಲ್ಲಿಯೂ ಇದೆ.

ಮುಟ್ಟು ನಿಂತ ಮೇಲೆ ಮೂಳೆ ಸಾಂದ್ರತೆ ಕುಗ್ಗಿದ ಮಹಿಳೆಯರಿಗೂ ಭಾರ ಎತ್ತಬೇಡಿ ಎಂಬ ಸಲಹೆಯೇ ಹೆಚ್ಚಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಇಂಥ ಮಹಿಳೆಯರಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ, ಎಂಟು ತಿಂಗಳ ಕಾಲ ಗರಿಷ್ಠ ಸಾಮರ್ಥ್ಯದ ಶೇಕಡಾ 85ಕ್ಕೂ ಮೀರಿದ ಭಾರದಲ್ಲಿ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು), ಸ್ಕ್ವಾಟ್ ಮೊದಲಾದವುಗಳನ್ನು ಮಾಡಿಸಿ, ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಹೆಚ್ಚಿದ್ದನ್ನು 2018ರಲ್ಲಿ ವರದಿ ಮಾಡಿದರು. ಆದರೆ ಅಲ್ಲಿ ಮೊದಲ ವಾರಗಳು ಹಗುರ ಭಾರದಲ್ಲಿ ಚಲನೆ ಕಲಿಯುವುದಕ್ಕೇ ಮೀಸಲಾಗಿದ್ದವು ಮತ್ತು ಪ್ರತಿ ಅವಧಿಯಲ್ಲೂ ತರಬೇತುದಾರರು ಪಕ್ಕದಲ್ಲೇ ಇದ್ದರು. ಈ ಎರಡು ಷರತ್ತುಗಳನ್ನು ಬಿಟ್ಟು ಶೇಕಡಾ 85 ಎಂಬ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡರೆ ಅದು ಅಪಾಯಕಾರಿ.

ರಕ್ತದೊತ್ತಡ ಇರುವವರಿಗೆ ಭಾರಕ್ಕಿಂತ ಉಸಿರಿನ ಬಗ್ಗೆ ನಾನು ಹೆಚ್ಚು ಹೇಳುತ್ತೇನೆ. ಉಸಿರು ಬಿಗಿಹಿಡಿದು, ಇನ್ನೊಂದು ರೆಪ್ ಸಾಧ್ಯವಿಲ್ಲ ಎನ್ನುವವರೆಗೆ ಭಾರ ತಳ್ಳುವಾಗ ಆರೋಗ್ಯವಂತ ಯುವಕರಲ್ಲೂ ಒತ್ತಡ 300ರ ಮೇಲೆ ಹೋದದ್ದನ್ನು 1985ರ ಒಂದು ಅಧ್ಯಯನ ಅಪಧಮನಿಯೊಳಗೇ ಅಳೆದು ದಾಖಲಿಸಿದೆ. ಹಾಗಾಗಿ ಇವರು ವೈದ್ಯರ ಒಪ್ಪಿಗೆ ಪಡೆದ ಮೇಲೆ, ಎತ್ತುವಾಗ ಉಸಿರು ಬಿಡುತ್ತ, ಪೂರ್ತಿ ದಣಿಯುವ ಮುನ್ನವೇ ಸೆಟ್ ನಿಲ್ಲಿಸುವುದು ಲೇಸು.

ಇನ್ನು ಹದಿಹರೆಯದವರು. ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಅವರಿಗೆ ಬೇಕಾದದ್ದು ಸರಿಯಾದ ಕಲಿಕೆ ಮತ್ತು ಎಷ್ಟು ಎತ್ತುತ್ತೀಯ ಎಂಬ ಪೈಪೋಟಿಯನ್ನು ತಡೆಯುವ ಹಿರಿಯರೊಬ್ಬರು.

ಹೆಚ್ಚು ಚಿಂತನೆ ಬೇಡುವವರು ಆರೋಗ್ಯವಂತರಾಗಿದ್ದೂ ಬದುಕಿನ ಕ್ರಮ ನೆಟ್ಟಗಿಲ್ಲದವರು. ರಾತ್ರಿ ಪಾಳಿಯಲ್ಲಿ ದುಡಿಯುವ ಒಬ್ಬ ಯುವಕನಿಗೆ ಗರಿಷ್ಠ ಸಾಮರ್ಥ್ಯದ ಶೇಕಡಾವಾರು ಲೆಕ್ಕದಲ್ಲಿ ಬರೆದ ಕಾರ್ಯಕ್ರಮ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಪಾಳಿ ಮುಗಿಸಿ ಬಂದ ದಿನದ ಶೇಕಡಾ 80, ರಜೆಯ ದಿನದ ಶೇಕಡಾ 90ರಷ್ಟು ಭಾರವಾಗಿರುತ್ತದೆ. ಇಂಥವರಿಗೆ ನಾನು ಭಾರ ಮತ್ತು ರೆಪ್‌ಗಳ ಜೊತೆಗೆ ಮೂರನೆಯ ಕಾಲಂ ಒಂದನ್ನು ಹಾಕಿಕೊಡುತ್ತೇನೆ: ಸೆಟ್ ನಿಲ್ಲಿಸಿದಾಗ ಇನ್ನೂ ಎಷ್ಟು ರೆಪ್ ಉಳಿದಿತ್ತು? ಆರಂಭದಲ್ಲಿ ಬಹುತೇಕರ ಅಂದಾಜು ತಪ್ಪುತ್ತದೆ. ಎರಡು ಉಳಿದಿದೆ ಎಂದು ಬರೆದವರು ಕೇಳಿದರೆ ಇನ್ನೂ ಐದು ಎತ್ತಿಬಿಡುತ್ತಾರೆ. ಭಾರ ಮೇಲೇರುವ ವೇಗ ತಾನಾಗಿ ಕುಸಿಯುವ ರೆಪ್ ಯಾವುದು ಎಂದು ಗುರುತಿಸುವುದನ್ನು ಕಲಿತ ಮೇಲೆ ಅಂದಾಜು ನಿಖರವಾಗುತ್ತದೆ. ಎರಡು ರೆಪ್ ಉಳಿಸಿ ನಿಲ್ಲಿಸು ಎಂಬ ಸೂಚನೆ, ನಿದ್ದೆಗೆಟ್ಟ ದಿನ ತಾನಾಗಿ ಹಗುರವಾಗುತ್ತದೆ, ಚೆನ್ನಾಗಿ ಮಲಗೆದ್ದ ದಿನ ತಾನಾಗಿ ಭಾರವಾಗುತ್ತದೆ. ಸ್ನಾಯು ಬೆಳೆಸುವುದಷ್ಟೇ ಗುರಿಯಾಗಿದ್ದರೆ, ದಣಿವಿನ ಸಮೀಪದವರೆಗೆ ಹೋದಾಗ ಹಗುರ ಭಾರವೂ ಹೆಚ್ಚಿನ ಭಾರದಷ್ಟೇ ಫಲ ಕೊಡುತ್ತದೆ ಎಂಬುದು ಈಗ ಸಾಕಷ್ಟು ಸ್ಥಿರಪಟ್ಟ ಸಂಗತಿ. ಗರಿಷ್ಠ ಭಾರ ಎತ್ತುವುದು ಗುರಿಯಾದವರು ಮಾತ್ರ ಹೆಚ್ಚಿನ ಭಾರವನ್ನೇ ಅಭ್ಯಾಸ ಮಾಡಬೇಕು.

ಮೊದಲ ಕೆಲವು ವಾರಗಳಲ್ಲಿ ಭಾರ ಸರಸರನೆ ಏರುವುದು ಬಹುಪಾಲು ನರಮಂಡಲದ ಕಲಿಕೆಯಿಂದ. ಸ್ನಾಯು ಬೆಳೆಯುವುದು ಅದರ ಹಿಂದೆ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳು ಗಟ್ಟಿಯಾಗುವುದು ಇನ್ನೂ ನಿಧಾನ. ಉತ್ಸಾಹದಲ್ಲಿ ಭಾರ ಏರಿಸುತ್ತ ಹೋದವರಿಗೆ ಎರಡು ಮೂರು ತಿಂಗಳಾಗುವಷ್ಟರಲ್ಲಿ ಮೊಣಕೈ ಅಥವಾ ಮಂಡಿ ನೋಯಲು ಇದೂ ಒಂದು ಕಾರಣ. ಅದಕ್ಕೇ ಹೊಸಬರಿಗೆ ಎತ್ತಲು ಸಾಧ್ಯವಿದ್ದಾಗಲೂ ನಾನು ಏರಿಕೆಯನ್ನು ತಡೆಹಿಡಿಯುತ್ತೇನೆ, ಅವರು ಗೊಣಗಿದರೂ ಸರಿ. ಏರಿಕೆ ನಿಂತುಹೋದಾಗ ಮೊದಲು ನಿದ್ದೆ ಮತ್ತು ಊಟದ ಬಗ್ಗೆ ವಿಚಾರಿಸಿ, ಆಮೇಲೆ ಕಾರ್ಯಕ್ರಮದಲ್ಲಿ ಒಂದೇ ಒಂದು ಅಂಶವನ್ನು, ಹೆಚ್ಚಾಗಿ ವಾರದ ಒಟ್ಟು ಸೆಟ್‌ಗಳನ್ನು, ಬದಲಿಸಿ ಮೂರು ನಾಲ್ಕು ವಾರ ಕಾಯುತ್ತೇನೆ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಆ ಪುಸ್ತಕದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.