ಏಳನೆಯ ಸಾಲಿನಲ್ಲಿ ತಪ್ಪಿರಲಿಲ್ಲ

ಹಾಸನ, 14 ಆಗಸ್ಟ್ 2024, ಬುಧವಾರ

ಮಧ್ಯಾಹ್ನದ ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬಿನಲ್ಲಿ, ಅರಸೀಕೆರೆಯಿಂದ ಬಂದುಹೋಗುವ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರೋಗ್ರಾಮಿನ ಏಳನೆಯ ಸಾಲನ್ನು ಮತ್ತೆ ಮತ್ತೆ ಅಳಿಸಿ ಬರೆಯುತ್ತಿದ್ದಳು. "ಸರ್, ಈ ಫಾರ್ ಲೂಪಿನಲ್ಲಿ ಏನು ತಪ್ಪಿದೆಯೋ ಗೊತ್ತಾಗ್ತಿಲ್ಲ" ಎಂದಳು. ಅಲ್ಲಿ ತಪ್ಪೇ ಇರಲಿಲ್ಲ. ಆರನೆಯ ಸಾಲಿನಲ್ಲಿ ಟೋಟಲ್ ಎಂಬ ಹೆಸರನ್ನು ಘೋಷಿಸಿ ಅದಕ್ಕೆ ಸೊನ್ನೆ ಕೊಟ್ಟ ಮೇಲೆ, ಘೋಷಣೆಯನ್ನು ಮುಗಿಸುವ ಸೆಮಿಕೋಲನ್ ಬಿಟ್ಟುಹೋಗಿತ್ತು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಜಿಸಿಸಿ ಮಾತ್ರ "ಫಾರ್‌ಗಿಂತ ಮೊದಲು ಕಾಮಾ ಅಥವಾ ಸೆಮಿಕೋಲನ್ ಬೇಕಿತ್ತು" ಎಂದು ಹೇಳಿ, ಏಳನೆಯ ಸಾಲಿಗೇ ಗುರುತು ಹಾಕಿತ್ತು.

ಹೇಳಿದ್ದು ಸುಳ್ಳಲ್ಲ. ಘೋಷಣೆ ಮುಗಿದಿಲ್ಲವೆಂಬುದು ಫಾರ್ ಎಂಬ ಪದವನ್ನು ಓದಿದ ಮೇಲಷ್ಟೇ ಕಂಪೈಲರಿಗೆ ತಿಳಿಯುತ್ತದೆ. ಆದರೆ ತಪ್ಪು ತನಗೆ ತಿಳಿದ ಜಾಗವನ್ನು ತೋರಿಸುವ ಬದಲು ತಿದ್ದಬೇಕಾದ ಜಾಗವನ್ನು ತೋರಿಸಲು ಅದಕ್ಕೆ ಬೇಕಾಗುವುದು ಹಿಂದಿನ ಟೋಕನ್ (ಪದ ಅಥವಾ ಚಿಹ್ನೆ) ಎಲ್ಲಿ ಮುಗಿಯಿತೆಂಬ ನೆನಪು ಮಾತ್ರ. ಅದೇ ಪ್ರೋಗ್ರಾಮನ್ನು ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿಗೆ ಕೊಟ್ಟಾಗ, ಅದು ಆರನೆಯ ಸಾಲಿನ ಕೊನೆಗೆ ಬಾಣವಿಟ್ಟು, ಅದರ ಕೆಳಗೆ ಸೇರಿಸಬೇಕಾದ ಸೆಮಿಕೋಲನ್ನನ್ನೂ ಬರೆದು ತೋರಿಸಿತು. ಪೈಥಾನ್ ಭಾಷೆ ಕೂಡ 3.9ನೆಯ ಆವೃತ್ತಿಯವರೆಗೆ, ಮುಚ್ಚದ ಆವರಣಚಿಹ್ನೆಯ ದೋಷವನ್ನು ಎಷ್ಟೋ ಸಲ ಮುಂದಿನ ಸಾಲಿನ ಮೇಲೆ ಹೊರಿಸುತ್ತಿತ್ತು. 2021ರಲ್ಲಿ ಬಂದ 3.10 ಆವರಣ ತೆರೆದ ಜಾಗವನ್ನೇ ತೋರಿಸಿ, ಇದನ್ನು ಮುಚ್ಚಿಯೇ ಇಲ್ಲ ಎನ್ನುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಸ್ಟ್ ಭಾಷೆಯ ಕಂಪೈಲರ್ ದೋಷದ ಸಂದೇಶಕ್ಕೆ 2016ರಲ್ಲಿ ತಂದ ರೂಪ. ಒಂದು ಮೌಲ್ಯದ ಒಡೆತನ (ಅಲ್ಲಿ ಒಂದು ಸಲಕ್ಕೆ ಒಂದೇ ಹೆಸರಿಗೆ ಇರುವ ಹಕ್ಕು) ಬೇರೆಡೆಗೆ ಹೋದ ಮೇಲೂ ಅದನ್ನು ಬಳಸಿದರೆ, ಒಡೆತನ ಕೈಬಿಟ್ಟ ಸಾಲು ಮತ್ತು ಮರಳಿ ಬಳಸಿದ ಸಾಲು ಎರಡನ್ನೂ ಅದು ಮೂಲ ಪಠ್ಯದೊಡನೆ ಒಟ್ಟಿಗೆ ತೋರಿಸಿ, ಒಂದೊಂದರ ಪಕ್ಕದಲ್ಲೂ ಕಾರಣ ಬರೆಯುತ್ತದೆ. ಎಷ್ಟೋ ದೋಷಗಳು ಎರಡು ಸಾಲುಗಳ ನಡುವಿನ ವಿರೋಧವೇ ಆಗಿರುವುದರಿಂದ, ಒಂದನ್ನೇ ತೋರಿಸುವುದು ಅರ್ಧ ಮಾತಾಡಿದಂತೆ.

ಸಂಜೆ, ಪುಟ್ಟದೊಂದು ಕಂಪೈಲರ್ ಬರೆಯುತ್ತಿರುವ ಅಂತಿಮ ವರ್ಷದ ಪ್ರಾಜೆಕ್ಟ್ ತಂಡದೊಂದಿಗೆ ಕುಳಿತಿದ್ದೆ. ಪಠ್ಯವನ್ನು ಟೋಕನ್ನುಗಳಾಗಿ ಒಡೆಯುವ ಅವರ ಲೆಕ್ಸರ್ ಸಾಲಿನ ಸಂಖ್ಯೆಯನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಪ್ರತಿ ಟೋಕನ್ನಿನ ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಈಗಲೇ ಸೇರಿಸಿರೆಂದೆ, ಏಕೆಂದರೆ ಆಮೇಲೆ, ಟೋಕನ್ನುಗಳ ವ್ಯಾಕರಣ ನೋಡುವ ಪಾರ್ಸರನ್ನೇ ಇಡಿಯಾಗಿ ತಿದ್ದಬೇಕಾಗುತ್ತದೆ. ಹೆಸರಿನ ಕಾಗುಣಿತ ತಪ್ಪಿದಾಗ ಹತ್ತಿರದ ಹೆಸರನ್ನು ಸೂಚಿಸುವ ಆಸೆ ಅವರಿಗಿದೆ. ಎರಡಕ್ಷರ ವ್ಯತ್ಯಾಸದವರೆಗೆ ಒಪ್ಪಿಕೊಂಡರೆ ಐ, ಜೆ, ಕೆ ಎಂಬ ಒಂಟಿ ಅಕ್ಷರದ ಹೆಸರುಗಳೆಲ್ಲ ಪರಸ್ಪರ ಹತ್ತಿರದವೇ ಆಗಿ, ಸೂಚನೆಯೇ ದಾರಿ ತಪ್ಪಿಸುತ್ತದೆ. ಆದ್ದರಿಂದ ಮಿತಿಯನ್ನು ಹೆಸರಿನ ಉದ್ದದ ಮೂರನೆಯ ಒಂದು ಭಾಗಕ್ಕೆ ಇಳಿಸಿ, ಒಂಟಿ ಅಕ್ಷರಗಳಿಗೆ ಸೂಚನೆಯನ್ನೇ ಕೊಡದಿರಲು ಒಪ್ಪಿದರು.