ಬೆಂಚ್ ಪ್ರೆಸ್‌ನಲ್ಲಿ ಬೆನ್ನು ಬಾಗಿಸೋದು ಮೋಸ ಅಲ್ವಾ?

"ಅಣ್ಣಾ, ಹಂಗ ಬೆನ್ನು ಎತ್ತಿ ಹೊಡದ್ರ ಅದು ಮೋಸ ಅಲ್ಲೇನು?"

ರಾಯಚೂರಿನಲ್ಲಿ ಪವರ್‌ಲಿಫ್ಟಿಂಗ್ ಕಲಿಯಲು ಬರುವ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಬೆಂಚ್ ಪ್ರೆಸ್ ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ, ತೂಕದ ಬಾರನ್ನು ಎದೆಗೆ ಇಳಿಸಿ ಮತ್ತೆ ಮೇಲೆತ್ತುವುದು. ಅವರ ಅಪ್ಪಂದಿರೂ ಬಿಡುವುದಿಲ್ಲ, ಮೊಬೈಲ್ ಮುಂದೆ ಹಿಡಿದು ವಿಡಿಯೊ ತೋರಿಸುತ್ತಾರೆ. ವಿಡಿಯೊದಲ್ಲಿ ಸಣ್ಣ ಮೈಕಟ್ಟಿನ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕಮಾನಾಗಿ ಬಾಗಿರುತ್ತಾಳೆ. ಕೈ ಎರಡೂ ಅಗಲ. ಬಾರ್ ನಾಲ್ಕು ಬೆರಳಷ್ಟು ಇಳಿದು ಮತ್ತೆ ಮೇಲೆ ಹೋಗುತ್ತದೆ. ಮೂರು ಬಿಳಿ ದೀಪ, ಅಂದರೆ ಮೂವರು ರೆಫ್ರಿಗಳೂ ಸರಿ ಅಂದರು! ನೋಡಿದವರಿಗೆ ಸಿಟ್ಟು ಬರುತ್ತದೆ.

ಸಿಟ್ಟು ಬರುವುದು ಸಹಜ. ನಮ್ಮೂರಲ್ಲಿ ಮುಂಗಾರು ಹಬ್ಬಕ್ಕೆ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಿ ಬೆಳೆದವರು ನಾವು. ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವುದನ್ನೂ ನೋಡಿದ್ದೇವೆ. ಅಲ್ಲಿ ಕಲ್ಲು ನೆಲ ಬಿಟ್ಟಿತೋ ಇಲ್ಲವೋ ಅನ್ನುವುದು ಹಿಂದೆ ನಿಂತ ಮುದುಕನಿಗೂ ಗೊತ್ತಾಗುತ್ತದೆ. ಬೆಂಚ್ ಪ್ರೆಸ್ ಹಾಗಲ್ಲ. ನಿಯಮ ಗೊತ್ತಿಲ್ಲದೆ ನೋಡಿದರೆ ಯಾವುದು ಸರಿ, ಯಾವುದು ತಪ್ಪು ತಿಳಿಯುವುದೇ ಇಲ್ಲ.

ನನ್ನ ಉತ್ತರ: ಮೋಸ ಅಲ್ಲ. ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್, ಅಂದರೆ ಐಪಿಎಫ್ ನಿಯಮದ ಪ್ರಕಾರ ತಲೆ, ಹೆಗಲು, ಕುಂಡಿ ಬೆಂಚಿಗೆ ತಾಗಿರಬೇಕು. ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ಕಾಲು ಎಟುಕದವರಿಗೆ ಕೆಳಗೆ ಪ್ಲೇಟೋ ಹಲಗೆಯೋ ಇಟ್ಟುಕೊಡುತ್ತಾರೆ, 30 ಸೆಂ.ಮೀ. ಎತ್ತರದವರೆಗೆ. ನಡುಬೆನ್ನು ಬೆಂಚಿಗೆ ತಾಗಬೇಕು ಅಂತ ಎಲ್ಲೂ ಹೇಳಿಲ್ಲ. ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ಚೀಲ ಹೊರುವ ಮುಂಚೆ ಹೇಗೆ ಬಗ್ಗಿ, ಯಾವ ಕಾಲು ಮುಂದಿಡುತ್ತಾರೆ ನೋಡಿ. ಅದನ್ನು ಯಾರೂ ಮೋಸ ಅನ್ನುವುದಿಲ್ಲವಲ್ಲ.

ಹಾಗಂತ ಆ ವಿಡಿಯೊ ನೋಡಿ ಸಿಟ್ಟಾದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಬಾರ್ ಮೇಲೆ ಎರಡು ಗೆರೆ ಇರುತ್ತವೆ, ನಡುವಿನ ಅಂತರ 81 ಸೆಂ.ಮೀ. ತೋರುಬೆರಳು ಆ ಗೆರೆ ದಾಟಿ ಆಚೆ ಹೋಗುವಂತಿಲ್ಲ. ಆರಡಿ ಆಳಿಗೆ ಇದು ದೊಡ್ಡ ಅಗಲವೇನಲ್ಲ. ಆದರೆ ಗಿಡ್ಡ ಕೈಯವರು ಗೆರೆವರೆಗೂ ಹಿಡಿದು, ಮೇಲೆ ಬೆನ್ನನ್ನೂ ಬಾಗಿಸಿದರೆ ಬಾರ್ ಇಳಿಯಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ 2023ರಿಂದ ಐಪಿಎಫ್ ಹೊಸ ನಿಯಮ ತಂದಿತು: ಬಾರ್ ಎದೆಗೆ ತಾಗಿದಾಗ ಮೊಣಕೈಯ ಕೆಳಭಾಗ ಹೆಗಲ ಕೀಲಿನ ಮೇಲ್ಭಾಗದ ಮಟ್ಟಕ್ಕಾದರೂ ಇಳಿದಿರಬೇಕು. ನನಗೆ ಇದು ಒಳ್ಳೆಯ ನಿಯಮ ಅನ್ನಿಸುತ್ತದೆ. ಬೆನ್ನನ್ನು ಅಳೆಯಲು ಹೋಗಲಿಲ್ಲ, ಮೊಣಕೈ ನೋಡಿದರು. ಬೆನ್ನಿನ ಬಾಗು ಎಷ್ಟು ಅಂತ ಯಾವ ರೆಫ್ರಿ ತಾನೇ ಅಳೆದಾನು?

ಇನ್ನು ಬಾಗಿಸುವುದು ಅಂದರೆ ಏನು? ಹೊಸ ಹುಡುಗರು ಸೊಂಟ ಎತ್ತುತ್ತಾರೆ. ಮರುದಿನ ಸೊಂಟ ಹಿಡಿದುಕೊಂಡು ಬರುತ್ತಾರೆ. ಕೆಲಸ ಶುರುವಾಗಬೇಕಾದ್ದು ಮೇಲ್ಬೆನ್ನಿನಲ್ಲಿ. ಹೆಗಲ ಹಿಂದಿನ ಎರಡೂ ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಸೇರಿಸಿ, ಸೊಂಟದ ಕಡೆ ಎಳೆದು, ಅವುಗಳ ಮೇಲೆ ಮಲಗಬೇಕು. ಆಗ ಎದೆ ತಾನಾಗಿ ಮೇಲೆ ಬರುತ್ತದೆ, ಹೆಗಲಿನ ಕೀಲಿಗೂ ನೆಮ್ಮದಿ. ಬಾರ್ ಅಂಗೈಯ ಬುಡದಲ್ಲಿ ಕೂರಬೇಕು, ಬೆರಳುಗಳ ಕಡೆ ಜಾರಿದರೆ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಹೆಬ್ಬೆರಳು ಬಾರ್ ಸುತ್ತಿರಲೇಬೇಕು. ಇಳಿಸುವಾಗ ಬಾರ್ ಎದೆಯ ಕೆಳಭಾಗಕ್ಕೆ ಬರಬೇಕು, ಎತ್ತುವಾಗ ಸ್ವಲ್ಪ ಮುಖದ ಕಡೆ ವಾಲಿ ಹೆಗಲ ನೇರಕ್ಕೆ ಹೋಗಬೇಕು. ಕಾಲಿನಿಂದ ನೆಲ ಒತ್ತಿದರೆ ಆ ಒತ್ತಡ ಮೈಯನ್ನು ತಲೆಯ ಕಡೆ ದೂಡಬೇಕು. ಕುಂಡಿ ಮೇಲೆದ್ದರೆ ಕೆಂಪು ದೀಪ.

ಮೇ ತಿಂಗಳ ರಾಯಚೂರಿನಲ್ಲಿ ಇದೆಲ್ಲ ಹೇಳಿದಷ್ಟು ಸುಲಭ ಅಲ್ಲ. ಬೆಂಚಿನ ರೆಕ್ಸಿನ್ ಮೇಲೆ ಬೆವರಿನ ಟೀ ಶರ್ಟ್ ಜಾರುತ್ತದೆ. ಸೇರಿಸಿಟ್ಟ ರೆಕ್ಕೆ ಮೂಳೆ ಬಿಚ್ಚಿಕೊಳ್ಳುತ್ತದೆ, ಬಾಗಿಸಿದ ಬೆನ್ನು ಚಪ್ಪಟೆಯಾಗುತ್ತದೆ. ಅದಕ್ಕೆ ನಾವು ಟೀ ಶರ್ಟಿನ ಬೆನ್ನಿಗೆ ಚಾಕ್ ಪುಡಿ ತಿಕ್ಕುತ್ತೇವೆ, ಎರಡು ಹೆಗಲ ನಡುವೆ ಜಾಸ್ತಿ. ಎದ್ದು ನಿಂತಾಗ ಬೆನ್ನೆಲ್ಲ ಬೆಳ್ಳಗೆ. ಮನೆಯಲ್ಲಿ ಬಟ್ಟೆ ಒಗೆಯುವವರ ಬೈಗುಳ ಬೇರೆ.

"ಶರ್ಟ್ ಹಾಕ್ಕೊಂಡ್ರೆ ಯಾರು ಬೇಕಾದ್ರೂ ಎತ್ತಬಹುದಂತಲ್ಲ?" ಇದು ಹಿಂದೆಯೇ ಬರುವ ಪ್ರಶ್ನೆ. ಬೆಂಚ್ ಶರ್ಟ್ ಅನ್ನುವುದು ಗಟ್ಟಿ ಬಟ್ಟೆಯ ಬಿಗಿ ಅಂಗಿ. ಹಾಕಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕು. ಬಾರ್ ಇಳಿಯುವಾಗ ಅದು ಎಳೆದುಕೊಂಡು, ಮೇಲಕ್ಕೆ ದೂಡುತ್ತದೆ. ಎಷ್ಟು ಬಿಗಿ ಅಂದರೆ, ತೂಕ ಕಡಿಮೆಯಾದರೆ ಬಾರ್ ಎದೆಗೇ ತಾಗುವುದಿಲ್ಲ. ಅದನ್ನು ಹತೋಟಿಯಲ್ಲಿಟ್ಟು ಇಳಿಸುವುದು ಬೇರೆಯದೇ ವಿದ್ಯೆ. ಶರ್ಟ್ ಹಾಕುವವರ ಸ್ಪರ್ಧೆಯೂ ಬೇರೆ. ಶರ್ಟ್ ಇಲ್ಲದ್ದಕ್ಕೆ ಕ್ಲಾಸಿಕ್ ಅನ್ನುತ್ತಾರೆ, ಕ್ಲಾಸಿಕ್ ಪವರ್‌ಲಿಫ್ಟಿಂಗ್ ವಿಶ್ವ ಚಾಂಪಿಯನ್‌ಷಿಪ್ 2013ರಿಂದ ನಡೆಯುತ್ತಿದೆ. ಹೊಸಬರು ಶರ್ಟಿಗೆ ದುಡ್ಡು ಹಾಕಬೇಡಿ. ಮಣಿಕಟ್ಟಿಗೆ ಸುತ್ತುವ, ಒಂದು ಮೀಟರ್ ಉದ್ದದೊಳಗಿನ ರಿಸ್ಟ್ ರ‍್ಯಾಪ್ ಸಾಕು, ಆಮೇಲೆ ಬೇಕಿದ್ದರೆ ಬೆಲ್ಟ್.

ಕಾಲಿನ ಒತ್ತು, ಶರ್ಟ್ ಯಾವುದೂ ಇಲ್ಲದ ಬೆಂಚ್ ನೋಡಬೇಕಾದರೆ ಅಂಗವಿಕಲರ ಪ್ಯಾರಾ ಪವರ್‌ಲಿಫ್ಟಿಂಗ್ ನೋಡಿ. ಅಲ್ಲಿ ಇರುವುದೇ ಬೆಂಚ್ ಪ್ರೆಸ್ ಒಂದೇ. ಕಾಲು ಚಾಚಿ ಬೆಂಚಿನ ಮೇಲೆಯೇ ಇಡಬೇಕು, ನೆಲ ಒತ್ತುವ ಮಾತೇ ಇಲ್ಲ. ನಮ್ಮ ದೇಶದ ರಾಜಿಂದರ್ ಸಿಂಗ್ ರಹೇಲು 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು, ಸುಧೀರ್ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಚಿನ್ನ ತಂದದ್ದು ಇದರಲ್ಲೇ.

ಮೋಸದ ಬಗ್ಗೆ ಇಷ್ಟು ಕೇಳುವ ಹುಡುಗರು ತಾವು ಜಿಮ್‌ನಲ್ಲಿ ಮಾಡುವುದನ್ನು ಮಾತ್ರ ನೋಡಿಕೊಳ್ಳುವುದಿಲ್ಲ. ಬಾರ್ ಎದೆಗೆ ಬಡಿದು ಪುಟಿಯುತ್ತದೆ, ಆ ಪುಟಿತದಲ್ಲೇ 100 ಕೆ.ಜಿ. ಎದ್ದುಬಿಡುತ್ತದೆ. ಹೊರಗೆ ಬಂದು "ನೂರು ಹೊಡದೆ" ಅನ್ನುತ್ತಾರೆ. ಸ್ಪರ್ಧೆಯಲ್ಲಿ ಕೈ ನೇರ ಮಾಡಿ ಕಾಯಬೇಕು, ರೆಫ್ರಿ "ಸ್ಟಾರ್ಟ್" ಅಂದ ಮೇಲೆಯೇ ಇಳಿಸಬೇಕು. ಬಾರ್ ಎದೆಯ ಮೇಲೆ ಅಲ್ಲಾಡದೆ ನಿಲ್ಲಬೇಕು. ನಿಂತಿದ್ದು ಕಂಡ ಮೇಲೆ "ಪ್ರೆಸ್". ಎತ್ತಿ ಮೊಣಕೈ ಬಿಗಿದು ನಿಂತ ಮೇಲೆ, ಬಾರ್ ಸ್ಟ್ಯಾಂಡಿಗೆ ಇಡಲು, "ರ‍್ಯಾಕ್". ಒಂದನ್ನು ಕೇಳಿಸಿಕೊಳ್ಳದೆ ಅವಸರ ಮಾಡಿದರೂ ಎತ್ತಿದ್ದು ನೀರುಪಾಲು. ಆ ಒಂದು ಕ್ಷಣದ ನಿಲುಗಡೆಯಲ್ಲಿ ನೂರರ ಹುಡುಗ ಎಂಬತ್ತೈದಕ್ಕೆ ಇಳಿಯುವುದನ್ನು ನೋಡುತ್ತಲೇ ಇರುತ್ತೇನೆ. ಬೆನ್ನು ಎಷ್ಟು ಬಾಗಿದರೂ ಇಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ವಾರದಲ್ಲಿ ಒಂದು ದಿನವಾದರೂ ಪ್ರತಿ ಎತ್ತನ್ನೂ ನಿಲ್ಲಿಸಿ ಮಾಡಿ, ಪಕ್ಕದಲ್ಲಿ ಯಾರನ್ನಾದರೂ "ಪ್ರೆಸ್" ಕೂಗಲು ನಿಲ್ಲಿಸಿಕೊಳ್ಳಿ. ಜೀವದ ಗೆಳೆಯ ಮಾತ್ರ ಬೇಡ. ಅವನು ಬೇಗ ಕೂಗಿಬಿಡುತ್ತಾನೆ.